ಉಳಿದಿದೆಯಾ, ತೆಗೆದರಾ?

ಚಿಕ್ಕಮ್ಮನ ಮನೆ,
ಮಾರ್ಚ್ ೯, ಭಾನುವಾರ

ಕನ್ನಡಕದಂಗಡಿ ಯಜಮಾನನಿಗೆ,

‘ಪ್ರೀತಿಯ’ ಅಂತ ಬರೆಯೋಕೆ ಕೈ ಬರಲಿಲ್ಲ. ಮದುವೆಯಾದಾಗಿನಿಂದ ‘ನೀವು’ ಅಂದೆ. ಈ ಪತ್ರದಲ್ಲಿ ‘ನೀನು’. ಮೈ ಉರಿದರೆ ಉರಿಯಲಿ.

ನಿನ್ನೆ ನಿನ್ನ ತಂಗಿ ಬಂದಿದ್ದಳು. ಕುರ್ಚಿ ತುದಿಯಲ್ಲಿ ಕೂತು, ಕೊಟ್ಟ ಟೀ ಆರೋವರೆಗೂ ಸುತ್ತಿ ಬಳಸಿ ಮಾತಾಡಿ, ಕೊನೆಗೆ ಬಾಯಿಬಿಟ್ಟಳು: “ಅಣ್ಣ ಕೇಳಿಕೊಂಡು ಬಾ ಅಂದ. ಗರ್ಭಕೋಶ ಉಳಿದಿದೆಯಾ, ತೆಗೆದರಾ?” ನಾನು ಹೇಗಿದ್ದೀನಿ ಅಂತ ಕೇಳು ಅನ್ನಲಿಲ್ಲವಂತೆ. ಅವಳ ಕೈಲಿ ಉತ್ತರ ಕಳಿಸಲಿಲ್ಲ. ನಾನೇ ಬರೀತಿದ್ದೀನಿ.

ಸ್ಕ್ಯಾನಿಂಗ್ ದಿನ ನೆನಪಿದೆಯಾ? ಡಾಕ್ಟರಮ್ಮ ಪರದೆ ಮೇಲೆ ಬೆರಳಿಟ್ಟು ತೋರಿಸಿದರು. ಮೂರು ಗಡ್ಡೆ, ಫೈಬ್ರಾಯ್ಡ್ ಅಂತಾರೆ, ಕ್ಯಾನ್ಸರ್ ಅಲ್ಲ, ಎಷ್ಟೋ ಹೆಂಗಸರಿಗೆ ಬರುತ್ತೆ. ದೊಡ್ಡದು ಮೂಸಂಬಿ ಗಾತ್ರ. ನಿಂಬೆಯಷ್ಟಿದ್ದ ಇನ್ನೊಂದು ಗರ್ಭಕೋಶದ ಒಳಕ್ಕೇ ಚಾಚಿತ್ತು. ರಕ್ತ ಸುರಿಯೋದೂ, ಗರ್ಭ ನಿಲ್ಲದಿರೋದೂ ಅದರಿಂದಲೇ ಇರಬಹುದು ಅಂದರು. ಮಾತ್ರೆಯಿಂದ ರಕ್ತಸ್ರಾವ ತಗ್ಗುತ್ತೆ, ಗಡ್ಡೆ ಹೋಗಲ್ಲ. ಗಡ್ಡೆಗಳನ್ನ ಮಾತ್ರ ತೆಗೆಯಬಹುದು. ಮಗು ಬೇಡ ಅನ್ನೋರಿಗೆ ಗರ್ಭಕೋಶವನ್ನೇ ತೆಗೆಯೋ ದಾರಿಯೂ ಇದೆ. ನಾನು ಬಾಯಿ ತೆರೆಯೋ ಮೊದಲೇ ನೀನು, “ಗಡ್ಡೆ ತೆಗೆಯುವಾಗ ಗರ್ಭಕೋಶಕ್ಕೇನೂ ಆಗಲ್ಲ ಅಂತ ಗ್ಯಾರಂಟಿ ಕೊಡ್ತೀರಾ?” ಅಂದೆ. ರಕ್ತ ನಿಲ್ಲದೇ ಹೋದರೆ, ತುಂಬಾ ಅಪರೂಪಕ್ಕೆ, ತೆಗೆಯಬೇಕಾಗಬಹುದು ಅಂತ ಅವರು ನಿಜ ಹೇಳಿದರು. ನೀನು ಎದ್ದೇ ನಿಂತೆ. “ಮೊದಲು ಮಗು ಆಗಲಿ, ಆಮೇಲೆ ಏನಾದರೂ ಕೊಯ್ಯಿರಿ.” ತರಕಾರಿ ಅಂಗಡಿಯಲ್ಲಿ ಚೌಕಾಸಿ ಮಾಡಿದ ಹಾಗೆ. ಹೊಟ್ಟೆ ಮಾತ್ರ ನನ್ನದು.

ಆಮೇಲಿನ ವರ್ಷವಿಡೀ ಡ್ರೈವಿಂಗ್ ಸ್ಕೂಲಿನ ಕಾರಲ್ಲಿ ಪ್ಲಾಸ್ಟಿಕ್ ಹಾಳೆ, ಅದರ ಮೇಲೆ ಟವೆಲ್ ಹಾಸಿಕೊಂಡು ಕೂತು, ಊರವರಿಗೆಲ್ಲ ರಿವರ್ಸ್ ಕಲಿಸಿದೆ. ನಾಲ್ಕು ಮೆಟ್ಟಿಲು ಹತ್ತಿದರೆ ಏದುಸಿರು. ದಿನವಿಡೀ ಜನರ ಕಣ್ಣು ನೋಡೋ ನಿನಗೆ ನನ್ನ ಬಿಳಿಚಿದ ಮುಖ ಕಾಣಲಿಲ್ಲ. ನಿನ್ನಮ್ಮ ಬಂದವರೆದುರು ನನ್ನನ್ನ ‘ತೂತು ಮಡಕೆ’ ಅಂದರು. ನೀನು ನಕ್ಕೆ. ಜೋರಾಗೇನೂ ಅಲ್ಲ, ಮೂಗಿನಲ್ಲಿ. ಅದಿನ್ನೂ ನನ್ನ ಕಿವೀಲಿದೆ.

ಕೊನೆಗೊಂದು ದಿನ ಸರ್ಕಲ್ಲಿನಲ್ಲಿ ಪಾಠ ಮಾಡ್ತಿದ್ದಾಗಲೇ ಕಣ್ಣು ಕತ್ತಲಿಟ್ಟಿತು. ಕಲಿಯೋಕೆ ಬಂದಿದ್ದ ಟೀಚರಮ್ಮನಿಗೆ ಮೂರನೇ ಗೇರ್ ಅಂದರೆ ಭಯ. ಆ ಪುಣ್ಯಾತ್ಗಿತ್ತಿ ಎರಡನೇ ಗೇರಲ್ಲೇ, ಹಾರ್ನ್ ಮೇಲಿಂದ ಕೈ ಎತ್ತದೆ, ನನ್ನನ್ನ ಆಸ್ಪತ್ರೆ ಮುಟ್ಟಿಸಿದಳು. ಹಿಮೋಗ್ಲೋಬಿನ್ ಐದೂವರೆ. ಯಾರದೋ ರಕ್ತ ಏರಿಸಿದರು. ಫೋನ್ ಮಾಡಿದರೆ ನೀನು ಹೇಳಿದ್ದಿಷ್ಟು: “ಆಪರೇಷನ್‌ಗೆ ಒಪ್ಪಬೇಡ. ಗರ್ಭಕೋಶ ಹೋಯಿತೋ, ಈ ಮನೆ ಕಡೆ ತಲೆ ಹಾಕಬೇಡ.”

ಆಪರೇಷನ್‌ಗೆ ಒಪ್ಪಿದೆ. ನನ್ನ ಸಹಿ ನಾನೇ ಹಾಕಿದೆ. ಚಿಕ್ಕಮ್ಮ ಹೊರಗೆ ಕೂತಿದ್ದಳು.

ಸುಳ್ಳು ಯಾಕೆ ಹೇಳಲಿ, ಆಮೇಲೆ ಎರಡು ದಿನ ಕಾದೆ. ವಾರ್ಡಿನ ಬಾಗಿಲು ಸದ್ದಾದಾಗೆಲ್ಲ ನೀನೇ ಅಂದುಕೊಂಡೆ. ಬಂದಿದ್ದು ಟೀಚರಮ್ಮ, ಕೈಯಲ್ಲಿ ದಾಳಿಂಬೆ. ಅವಳು ಬಿಡಿಸಿಕೊಡ್ತಿದ್ದಾಗ ನಿನ್ನನ್ನ ಕಾಯೋದು ಬಿಟ್ಟೆ.

ನನ್ನ ಬಟ್ಟೆ, ಸರ್ಟಿಫಿಕೇಟು, ಅಪ್ಪನ ರೇಡಿಯೋ ತಂಗಿ ಕೈಲಿ ಕಳಿಸು. ನೀನೇ ಬಂದರೆ ಚಿಕ್ಕಮ್ಮ ಬಾಗಿಲು ತೆಗೆಯಲ್ಲ. ತೆಗಿ ಅಂತ ನಾನೂ ಹೇಳಲ್ಲ. ವಿಚ್ಛೇದನಕ್ಕೆ ಎಲ್ಲಿ ಬೇಕಾದರೂ ಸಹಿ ಹಾಕ್ತೀನಿ. ನಿನ್ನಮ್ಮ ಇವತ್ತಿಂದಲೇ ಬೇರೆ ಸೊಸೆ ಹುಡುಕಲಿ.

ಇಂತಿ,
ನಿನ್ನವಳಲ್ಲದವಳು

ಮ.ವಿ: ಉಳಿದಿದೆ. ಮೂರು ಗಡ್ಡೆ ಮಾತ್ರ ತೆಗೆದರು. ಗಾಯ ಮಾಗಲಿ, ಆರು ತಿಂಗಳು ಬಿಟ್ಟು ಮಗುವಿಗೆ ಪ್ರಯತ್ನಿಸಬಹುದು ಅಂದಿದ್ದಾರೆ. ಇದನ್ನ ಮೊದಲ ಸಾಲಲ್ಲೇ ಬರೆದಿದ್ದರೆ ನೀನು ಅಲ್ಲಿಗೇ ಓದೋದು ನಿಲ್ಲಿಸಿ, ಹಣ್ಣು ಹಿಡಿದು ಓಡಿ ಬರ್ತಿದ್ದೆ. ಅದಕ್ಕೇ ಕೊನೆಗಿಟ್ಟೆ. ಮಗು ಬೇಕಾ ಅಂತ ನನ್ನನ್ನ ನಾನು ಇನ್ನೂ ಕೇಳಿಕೊಂಡಿಲ್ಲ. ಕೇಳಿಕೊಂಡಾಗ ಉತ್ತರ ನಿನಗೆ ಬರೆಯಲ್ಲ.