ಎತ್ತರದ ಕುರ್ಚಿಗಳು

ಮಾರ್ಚ್ ೧೪, ಶುಕ್ರವಾರ

ಬಲಗೈ ಇನ್ನೂ ಪ್ಲಾಸ್ಟರಿನಲ್ಲಿದೆ. ಎಡಗೈಯಲ್ಲಿ ಬರೆದರೆ ಬರೀ ಕಾಗೆಕಾಲು ಗುಬ್ಬಿಕಾಲು. ಎಪ್ಪತ್ತರ ವಯಸ್ಸಿನಲ್ಲಿ ಸ್ಟೂಲ್ ಹತ್ತಿ ಬಿದ್ದು, ಸೊಂಟದ ಜೊತೆ ಮಣಿಕಟ್ಟನ್ನೂ ಮುರಿದುಕೊಂಡ ಜಾಣೆ ನಾನು.

ತಗ್ಗಿನಲ್ಲಿ ಕೂರಬಾರದು ಎಂದು ಡಾಕ್ಟರು ಹೇಳಿದ್ದೇ ತಡ, ಬಡಗಿ ಗಂಡನಿಗೆ ಕೈತುಂಬ ಕೆಲಸ. ಇವತ್ತು ಆಸ್ಪತ್ರೆಯಿಂದ ಬಂದು ನೋಡಿದರೆ ಮಂಚದ ಕಾಲಿಗೂ ನನ್ನ ಕುರ್ಚಿಗೂ ಮರದ ತುಂಡು ಜೋಡಿಸಿ ಎತ್ತರಿಸಿದ್ದಾರೆ. ಎದುರು ಕೂರಬೇಕಲ್ಲ ಎಂದು ತಮ್ಮ ಕುರ್ಚಿಯನ್ನೂ ಬಿಟ್ಟಿಲ್ಲ. ಮೊದಲೇ ಕುಳ್ಳರು, ಊಟಕ್ಕೆ ಕೂತರೆ ಕಾಲು ನೆಲಕ್ಕೆ ಎಟುಕದೆ ಶಾಲೆ ಹುಡುಗನ ಹಾಗೆ ತೂಗಾಡುತ್ತದೆ. ನಕ್ಕು ನಕ್ಕು ಸೊಂಟ ನೋಯಿತು.

"ಕಾಲಿನ ಕೆಳಗೆ ಆ ಸ್ಟೂಲ್ ಇಟ್ಕೊಳ್ಳಿ" ಎಂದೆ.

"ಎಲ್ಲಿದೆ ಸ್ಟೂಲು? ಅದನ್ನ ಕುಯ್ದೇ ಈ ತುಂಡು ಮಾಡಿದ್ದು" ಎಂದರು, ತಟ್ಟೆಯಿಂದ ತಲೆ ಎತ್ತದೆ.

ಕೈ ಸೋಲುತ್ತಿದೆ. ನನ್ನನ್ನು ಕೆಡವಿದ ಸ್ಟೂಲೇ ಈಗ ಮಂಚದಡಿ ನನ್ನನ್ನು ಹೊತ್ತು ನಿಂತಿದೆ.