ಹುಲಿಗೆಮ್ಮನ ಮೊದಲ ವರ್ಷದ ಅಂಕಗಳು

ರಾಯಚೂರು, ಕ್ರಿ.ಶ. 2213, ಜೂನ್ 31

ಇನ್ನೂರು ವರ್ಷ ಹಿಂದಿನ ಹಿರಿಯರಿಗೆ ನಮಸ್ಕಾರ. ಜೂನ್ ತಿಂಗಳ ಮೂವತ್ತೊಂದನೇ ದಿನ ನಿಮಗಿಲ್ಲ. ನಮ್ಮ ಕ್ಯಾಲೆಂಡರ್ ಬದಲಾಗಿದೆ. ಮಾತೂ ಅಷ್ಟಿಷ್ಟು ಬದಲಾಗಿದೆ, ಮನ್ನಿಸಿ.

ಇಲ್ಲಿ ಬಿಸಿಲಿಗೆ ಹೆದರಿ ಬೀದಿಗಳಿಗೆಲ್ಲ ನೆರಳುಬಟ್ಟೆ ಕಟ್ಟುತ್ತಾರೆ. ಕಾಲೇಜು ನಸುಕಿನಲ್ಲಿ ಶುರುವಾಗಿ ಹತ್ತಕ್ಕೆ ಬಿಡುತ್ತದೆ. ಡಾಕ್ಟರಾಗಬೇಕಾದರೆ ಮೊದಲು ಮೂರು ವರ್ಷದ ಪದವಿ ಮುಗಿಸಬೇಕು. ಆ ಮೂರೂ ವರ್ಷದ ಸರಾಸರಿಯನ್ನು ಒಟ್ಟಂಕ ಎನ್ನುತ್ತೇವೆ. ಅದು 8.50 ಮುಟ್ಟಿದರೆ ವೈದ್ಯಕೀಯ ಸೀಟು. ಮುಟ್ಟದಿದ್ದರೆ ಆಯ್ಕೆ ಸಮಿತಿಯಲ್ಲಿ ಯಾರಾದರೂ ಕಾರಣ ಹೇಳಿ ಪರವಾಗಿ ಮಾತಾಡಬೇಕು. ಜೀವಶಾಸ್ತ್ರ ಕಲಿಸುತ್ತಿದ್ದ ನಾನು ಆ ಸಮಿತಿಯಲ್ಲಿದ್ದೆ.

ಹುಲಿಗೆಮ್ಮ ನನ್ನ ವಿದ್ಯಾರ್ಥಿನಿ, ನಮ್ಮ ಓಣಿಯವಳೇ. ಮೊದಲ ವರ್ಷ ಅವಳಿಗೆ ಬೋರ್ಡು ಕಾಣುತ್ತಿರಲಿಲ್ಲ, ಅದನ್ನು ಹೇಳಲು ಅವಳಿಗೆ ನಾಚಿಕೆ. ಅಂಕಗಳು ನೆಲ ಕಚ್ಚಿದವು. ಎರಡನೇ ವರ್ಷ ನಾನೇ ಕರೆದೊಯ್ದು ಕನ್ನಡಕ ಹಾಕಿಸಿದೆ. ಆಮೇಲೆ ಕೊನೆಯವರೆಗೂ ಅವಳೇ ತರಗತಿಗೆ ಮೊದಲು. ಆದರೆ ಒಟ್ಟಂಕ 8.47ಕ್ಕೆ ನಿಂತಿತು.

ಆಯ್ಕೆಯ ಹಿಂದಿನ ದಿನ ಮನೆಗೆ ಬಂದಳು. "ಮೇಡಮ್ಮಾರ, ಮೊದಲ್ನೇ ವರ್ಷ ನನಗ ಕಣ್ಣ ಕಾಣ್ತಿರ್ಲಿಲ್ಲ ಅಂತ ಅವ್ರಿಗೆ ಒಂದ್ ಮಾತು ಹೇಳ್ತೀರೇನ್ರಿ?"

"ಹೇಳ್ತೀನವ್ವ, ನೀ ಚಿಂತಿ ಮಾಡಬ್ಯಾಡ."

ಹಿಂದಿನ ತಿಂಗಳಷ್ಟೇ ಬಂಧುವಿನ ಪರ ಮಾತಾಡಿದ ಸದಸ್ಯರೊಬ್ಬರನ್ನು ಸಮಿತಿಯಿಂದ ತೆಗೆದಿದ್ದರು. ಮರುದಿನ ಸಭೆಯಲ್ಲಿ ಅಧ್ಯಕ್ಷರು ಹುಲಿಗೆಮ್ಮನ ಹೆಸರು ಓದಿ, "ಈಕಿ ಬಗ್ಗೆ ಯಾರರ ಏನರ ಹೇಳೋದೈತೇನ್ರಿ?" ಎಂದರು. ಒಂದೇ ಓಣಿಯವರು ಎಂದು ಯಾರಾದರೂ ಅಂದಾರು ಎನಿಸಿತು. ನಾನು ಕಾಗದ ತಿರುವುತ್ತ ಕುಳಿತೆ. ಅವರು ಮುಂದಿನ ಹೆಸರು ಓದಿದರು.

ಸಂಜೆ ಅವಳು ಮತ್ತೆ ಬಂದಳು. ಅತ್ತು ಕಣ್ಣು ಕೆಂಪಾಗಿತ್ತು. "ಸೀಟು ಹೋದ್ರ ಹೋತ್ರಿ. ನನ್ ಸಲುವಾಗಿ ನೀವು ಮಾತಾಡಿದ್ರಲ್ಲ, ಅಷ್ಟ ಸಾಕು."

ನಾನು "ಹೂಂ" ಎಂದೆ.

ಇದಾಗಿ ಇಪ್ಪತ್ತಾರು ವರ್ಷ. ಹುಲಿಗೆಮ್ಮ ಈಗ ಬೀಜ ಪರೀಕ್ಷಿಸುವ ಕಚೇರಿಯಲ್ಲಿದ್ದಾಳೆ. ಓಣಿಯಲ್ಲಿ ಯಾರಿಗೆ ಜ್ವರ ಬಂದರೂ ಮೊದಲು ಅವಳನ್ನೇ ಕರೆಯುತ್ತಾರೆ. ಅವಳು ರೋಗಿಯನ್ನು ನೋಡಿ ಆಸ್ಪತ್ರೆಗೆ ಕಳಿಸುತ್ತಾಳೆ. ಪ್ರತಿ ದಸರೆಗೆ ಬನ್ನಿ ಕೊಟ್ಟು ನನ್ನ ಕಾಲು ಮುಟ್ಟುತ್ತಾಳೆ.

ಹಿರಿಯರೇ, ಒಟ್ಟಂಕದಂಥ ನಿಯಮ ಬರೆಯುವವರು ನಿಮ್ಮಲ್ಲಿ ಯಾರಾದರೂ ಇದ್ದರೆ, ಬಿದ್ದ ವರ್ಷವನ್ನೂ ಎದ್ದ ವರ್ಷವನ್ನೂ ಕೂಡಿಸಿ ಭಾಗಿಸಬೇಡಿ, ಬೇರೆಬೇರೆಯಾಗಿ ಓದಿ. ಇದಿಷ್ಟು ನನ್ನ ಕೋರಿಕೆ. ನಿಜ ಹೇಳಬೇಕಾದದ್ದು ಅವಳಿಗೆ. ಎರಡು ಮನೆ ಆಚೆ ಇರುವವಳಿಗೆ ಹೇಳಲಾಗದೆ ಇನ್ನೂರು ವರ್ಷ ಆಚೆಯ ನಿಮಗೆ ಬರೆಯುತ್ತಿದ್ದೇನೆ.

ಅಂಬುಜಾ ಕಟ್ಟಿಮನಿ