ರಿಬ್ಬನ್ ಅಲ್ಲಾಡದ ಹೊತ್ತು

ಸೋಮವಾರ, ಹನ್ನೆರಡನೇ ತಾರೀಖು
ಪತ್ರಿಕಾ ಕಚೇರಿಯಿಂದ (ಅಂದರೆ ನಮ್ಮ ಮನೆಯ ನಡುಮನೆಯಿಂದ)

ಅಕ್ಕನಿಗೆ ತಮ್ಮನ ನಮಸ್ಕಾರ. ನಿನ್ನ ಪಾದ ಕೈಗೆ ಸಿಗುವಷ್ಟು ಹತ್ತಿರ ಇಲ್ಲದ್ದರಿಂದ ಈ ಕಾಗದದ ತಲೆಯಲ್ಲೇ ಅಡ್ಡಬಿದ್ದಿದ್ದೇನೆ. ಎದ್ದೇಳು ಅಂದುಬಿಡು.

ನಿನ್ನ ಕಾಗದಗಳು ಬಂದು ಸಾಲಾಗಿ ಕೂತಿವೆ. ನನ್ನ ಕಡೆಯಿಂದ ಒಂದೂ ಇಲ್ಲ. ಎಷ್ಟು ಬೈಯಬೇಕೋ ಅಷ್ಟು ಬೈದುಕೋ, ನಾನು ಕಾಯುತ್ತೇನೆ. ಆಯಿತೇ? ಸರಿ. ಈಗ ಪರದೆ ಮೇಲೇಳಲಿ!

ಅಕ್ಕಾ, ಪತ್ರಿಕೆ ಹೊರಗೆ ಬಂತು! 'ಬಯಲು'! ನಮ್ಮೂರಿನದೇ ಕ್ರೀಡಾ ಪತ್ರಿಕೆ! ದೂರದ ದೇಶದ ಆಟಗಾರನೊಬ್ಬನ ಹಿಮ್ಮಡಿ ಉಳುಕಿದರೆ ದೊಡ್ಡ ಪೇಪರುಗಳು ಅರ್ಧ ಪುಟ ಅಳುತ್ತವೆ. ನಮ್ಮ ಬೇಕರಿಯವರ ಮಗಳು ಹೊಳೆಯನ್ನು ಈಜಿ ದಾಟಿ, ದಡ ಮುಟ್ಟಿದ ಕೈಯಲ್ಲೇ ತಿರುಗಿ ಈಜಿ ಬಂದರೆ ಒಂದು ಸಾಲಿಲ್ಲ. ಇಂಥ ಅನ್ಯಾಯವನ್ನು ಸಹಿಸುವವನೇ ನಿನ್ನ ತಮ್ಮ? ಎದೆ ತಟ್ಟಿ ಹೊರಟೆ. ಹೊರಟ ಮೇಲೆ ಗೊತ್ತಾಯಿತು, ಎದೆ ತಟ್ಟುವುದು ಸುಲಭ, ಪುಟ ತುಂಬಿಸುವುದು ಕಷ್ಟ.

ಪ್ರೆಸ್ಸಿನ ಯಜಮಾನರು ಮೊದಲೇ ಹೇಳಿಬಿಟ್ಟಿದ್ದರು: "ನೋಡಿ ಸಾರ್, ಮೊದಲ್ನೇ ಸಂಚಿಕೆ ಜನ ಕೈಗೆತ್ಕೊಂಡ್ರೆ ಎರಡನೇದು. ಇಲ್ದಿದ್ರೆ ನೀವು ನಿಮ್ಮ ನಾಟಕಕ್ಕೆ, ನಾನು ನನ್ನ ಔಷಧಿ ಬಾಟ್ಲಿ ಲೇಬಲ್ಲಿಗೆ." ಒಂದೇ ಅಂಕ, ಒಂದೇ ಪ್ರದರ್ಶನ, ಸತ್ತರೂ ಅದರಲ್ಲೇ ಬದುಕಿದರೂ ಅದರಲ್ಲೇ.

ಫುಟ್‌ಬಾಲ್ ಕ್ಲಬ್ಬಿನ ಕಾರ್ಯದರ್ಶಿ ತಂಡದ ಫೋಟೋ ಕಳಿಸಿದರು. ಅದರಲ್ಲಿ ತಂಡ ಹಿಂದೆ, ಅವರು ಮುಂದೆ, ಚೆಂಡು ಅವರ ತೊಡೆಯ ಮೇಲೆ ಮಗುವಿನ ಹಾಗೆ. ಈಜು ಕಲಿಸುವವರು ಲೇಖನ ಕೊಡುತ್ತೇನೆಂದು ಹೇಳಿ ಪದ್ಯ ಕೊಟ್ಟರು. ಚೆಸ್ ಸಂಘದವರು ಬಾಗಿಲಲ್ಲೇ ಕೂತು, "ನಾವೂ ಕ್ರೀಡಾಪಟುಗಳೇ ಸ್ವಾಮಿ, ನಮ್ಮ ಬೆವರು ಒಳಗಡೆ ಹರಿಯತ್ತೆ" ಅಂದರು. ಶೂ ಅಂಗಡಿಯವರು ಕೊನೆಯ ಪುಟದ ಜಾಹೀರಾತು ಒಪ್ಪಿಕೊಂಡು, ಎದುರು ಅಂಗಡಿಯದೂ ಒಳಗಿದೆ ಎಂದು ತಿಳಿದ ಕೂಡಲೇ ಮುಖ ಊದಿಸಿಕೊಂಡರು. ಇದೆಲ್ಲದರ ಮೇಲೆ ನನ್ನ ಹೆಂಡತಿ! ಅವಳೇ ಉಪಸಂಪಾದಕಿ. ಪೆನ್ಸಿಲ್ ಹಿಡಿದು ನನ್ನ ಬರಹದ ಎದೆಯ ಮೇಲೆ ಕೂತುಬಿಟ್ಟಳು. 'ಸಿಡಿಲಿನಂಥ ಗೋಲು' ಅಂತ ನಾನು ಬರೆದರೆ, "ಸಿಡಿಲು ಹೊಡೆದ್ಮೇಲೆ ಗೋಲ್‌ಕೀಪರ್ ಬದುಕಿದ್ನಾ?" ಅಂತ ಕೇಳಿ ಸಿಡಿಲನ್ನು ಅಲ್ಲೇ ಅಳಿಸಿಹಾಕಿದಳು.

ಇನ್ನು ನಮ್ಮ ಛಾಯಾಗ್ರಾಹಕ. ಊರಿನವರೆಲ್ಲ ಅವನನ್ನು ಕರೆಯುವುದು ಸ್ಟೆಡಿ ಮಾಮ ಅಂತ. ಜೀವಮಾನವೆಲ್ಲ ತೆಗೆದದ್ದು ಪಾಸ್‌ಪೋರ್ಟ್ ಅಳತೆಯ ಫೋಟೋ. ಸ್ಕೂಲಿಗೆ ಸೇರುವ ಮಗುವಿನಿಂದ ಪೆನ್ಷನ್ ತಗೊಳ್ಳುವ ಅಜ್ಜನವರೆಗೆ ಈ ಊರಿನ ಪ್ರತಿ ಜೀವವೂ ಅವನ ಸ್ಟುಡಿಯೋದ ತಿರುಗುವ ಸ್ಟೂಲಿನ ಮೇಲೆ ಕೂತು ಅವನ ಒಂದೇ ಡೈಲಾಗು ಕೇಳಿದೆ: "ಸ್ಟೆಡಿ! ಈ ಕಡೆ ನೋಡಿ! ಗದ್ದ ಕೆಳಗೆ, ಭುಜ ಸಡಿಲ ಬಿಡಿ, ಸ್ವಲ್ಪ ನಗಿ!" ಓಡುವವರನ್ನು ತೆಗೆಯುವುದು ಅವನಿಗೆ ಗೊತ್ತಿಲ್ಲ. ಅವನ ಫುಟ್‌ಬಾಲ್ ಫೋಟೋದಲ್ಲಿ ಒಬ್ಬನಿಗೆ ನಾಲ್ಕು ಕಾಲು, ತಲೆಯ ಜಾಗದಲ್ಲಿ ಹೊಗೆ.

"ಮಾಮ, ಇದು ಆಟಗಾರನೋ ಭೂತವೋ?" ಅಂದೆ.

"ಅವ್ನು ನಿಲ್ಲಲೇ ಇಲ್ಲ ಸಾರ್" ಅಂದ, ಕೋಪದಿಂದ. "ಎಷ್ಟು ಕೂಗಿದ್ರೂ ನಿಲ್ಲಲೇ ಇಲ್ಲ."

ಹಾಗಾಗಿ ನಮ್ಮ ಪ್ರಾಣವೆಲ್ಲ ಒಂದೇ ಪಂದ್ಯದ ಮೇಲೆ ನಿಂತಿತು: ಕೆಲಸಗಾರರ ಕ್ರೀಡಾಕೂಟದ ಕೊನೆಯ ದಿನದ ಹಗ್ಗಜಗ್ಗಾಟ. ಮುಖಪುಟ ಅದಕ್ಕೇ ಖಾಲಿ. ಒಂದು ಕಡೆ ಅಗ್ನಿಶಾಮಕ ಠಾಣೆಯ ಗಂಡಸರು. ಇನ್ನೊಂದು ಕಡೆ ಆಸ್ಪತ್ರೆಯ ಲಾಂಡ್ರಿಯ ಹೆಂಗಸರು. ದಿನವೂ ಒದ್ದೆ ಕಂಬಳಿ, ಹಾಸಿಗೆಯ ಬಟ್ಟೆ ಎತ್ತಿ ಹಿಂಡುವ ಕೈಗಳು. ತಂಡದ ಒಟ್ಟು ತೂಕ ಸಮವಾದರೆ ಸಾಕು, ಗಂಡು ಹೆಣ್ಣು ಅಂತಿಲ್ಲ. ಹೆಂಗಸರು ಒಬ್ಬಳನ್ನು ಹೆಚ್ಚಿಗೆ ಸೇರಿಸಿಕೊಂಡಿದ್ದರು. ಅವರ ನಾಯಕಿಯನ್ನು ಎಲ್ಲರೂ ದೊಡ್ಡಕ್ಕ ಅನ್ನುತ್ತಾರೆ. ಹಗ್ಗದ ತುದಿ ಅವಳ ಸೊಂಟಕ್ಕೆ. ಎದುರು ತುದಿಯಲ್ಲಿ ಠಾಣೆಯ ಮೀಸೆಯವರು.

ಮೈಕು ಯಾರ ಕೈಯಲ್ಲಿ? ಕೇಳಬೇಕೇ! ನಿನ್ನ ತಮ್ಮನ ಕೈಯಲ್ಲಿ. "ಮಹಾಜನಗಳೇ! ಇತ್ತ ಬೆಂಕಿಯನ್ನು ಬಗ್ಗಿಸಿದ ತೋಳುಗಳು, ಅತ್ತ ನೀರನ್ನು ಹಿಂಡಿದ ತೋಳುಗಳು!" ಮೈದಾನ ಒಂದೇ ಸಮನೆ ಕೇಕೆ ಹಾಕಿತು. ಪಿ.ಟಿ. ಮೇಷ್ಟ್ರು ಸೀಟಿ ಊದಿದರು. ಹಗ್ಗದ ನಡುವಿನ ಕೆಂಪು ರಿಬ್ಬನ್ನು ಒಂದು ಗೇಣು ಗಂಡಸರ ಕಡೆ ಹೋಯಿತು, ಎರಡು ಗೇಣು ಹೋಯಿತು. ಸುಣ್ಣದ ಗುರುತು ಇನ್ನೇನು ಮುಟ್ಟಬೇಕು, ಅಷ್ಟರಲ್ಲಿ ಅಕ್ಕಾ, ನಮ್ಮ ಸ್ಟೆಡಿ ಮಾಮ ಕ್ಯಾಮೆರಾ ಹಿಡಿದು ಗಂಡಸರ ಪಕ್ಕ ಮಂಡಿಯೂರಿದವನು, ಅಭ್ಯಾಸಬಲದಿಂದ, ಗಂಟಲು ಹರಿಯುವ ಹಾಗೆ ಕೂಗಿಬಿಟ್ಟ:

"ಸ್ಟೆಡಿ! ಈ ಕಡೆ ನೋಡಿ! ಭುಜ ಸಡಿಲ ಬಿಡಿ!"

ಬಿಟ್ಟರು! ಅಷ್ಟೂ ಜನ! ಚಿಕ್ಕಂದಿನಿಂದ ಆ ಸ್ಟೂಲಿನ ಮೇಲೆ ಕೂತ ದೇಹಗಳು, ಬುದ್ಧಿಗೆ ತಿಳಿಯುವ ಮೊದಲೇ ಮಾತು ಕೇಳಿದವು. ಗದ್ದ ಕೆಳಗಾಯಿತು, ಭುಜ ಇಳಿಯಿತು, ಮೀಸೆಯವರು ನಕ್ಕೂ ನಕ್ಕರು. ಕ್ಲಿಕ್! ಮರುಗಳಿಗೆಯಲ್ಲಿ ಅಗ್ನಿಶಾಮಕ ದಳ ಸಾಲಾಗಿ ಮಣ್ಣಿನ ಮೇಲೆ ಬೋರಲು ಜಾರಿಕೊಂಡು ಹೆಂಗಸರ ಕಾಲಬುಡಕ್ಕೆ ಬಂದು ಸೇರಿತು.

ಜನ ಬಿದ್ದು ಬಿದ್ದು ನಕ್ಕರು. ನಾನೂ ನಕ್ಕೆ. ನಗುತ್ತಿರುವಾಗಲೇ ಹೊಳೆಯಿತು. ಪಂದ್ಯ ಕೆಡಿಸಿದ್ದು ಯಾರು? ನಮ್ಮ ಪತ್ರಿಕೆ!

ಮೇಷ್ಟ್ರು ತಲೆ ಕೆರೆದುಕೊಂಡರು. "ಹೊರಗಿನವರು ಕೂಗಿದ್ರೆ ಅದಕ್ಕೆ ರೂಲ್ಸ್ ಇಲ್ಲ. ಗೆದ್ದೋರು ಗೆದ್ರು" ಅಂದರು.

ದೊಡ್ಡಕ್ಕ ಸೊಂಟದ ಹಗ್ಗ ಬಿಚ್ಚಲಿಲ್ಲ. "ನಮಗಿದು ಬೇಡ ಮೇಷ್ಟ್ರೇ. ಗೆದ್ದಿದ್ದು ಫೋಟೋದೋರು, ನಾವಲ್ಲ. ಎದ್ದೇಳ್ರಪ್ಪಾ, ಮಣ್ಣು ಕೊಡವಿಕೊಳ್ಳಿ. ಇನ್ನೊಂದ್ಸಲ."

ಮೀಸೆಯವರು ಬಾಯಲ್ಲಿದ್ದ ಮಣ್ಣು ಉಗುಳಿ, "ಸೋಲ್ತೀರಾ ಅಕ್ಕ" ಅಂದರು.

"ಸೋತ್ರೆ ಸೋತ್ವಿ. ನಿಮ್ಮ ಕೈಲಿ ಸೋಲ್ತೀವಿ, ಅವರ ಕ್ಯಾಮೆರಾ ಕೈಲಲ್ಲ."

ಸ್ಟೆಡಿ ಮಾಮ ಬಾಯಿಗೆ ತನ್ನದೇ ಕರ್ಚೀಫು ತುರುಕಿಕೊಂಡು ದೂರ ಹೋಗಿ ನಿಂತ.

ಎರಡನೇ ಸೀಟಿ.

ಅಕ್ಕಾ, ನಾನು ಎಷ್ಟು ಯುದ್ಧಗಳನ್ನು ರಂಗದ ಮೇಲೆ ಗೆದ್ದಿಲ್ಲ! ಎಷ್ಟು ಸಲ ಸಿಡಿಲನ್ನು ತಗಡು ಬಡಿದು ಕರೆಸಿಲ್ಲ! ಇದನ್ನು ನಾನು ಕಂಡಿರಲಿಲ್ಲ. ಹಗ್ಗ ಬಿಗಿಯಿತು, ರಿಬ್ಬನ್ನು ನಡುಗೆರೆಯ ಮೇಲೆ ಬಂದು ನಿಂತಿತು. ನಿಂತೇಬಿಟ್ಟಿತು. ಆ ಕಡೆಗೂ ಇಲ್ಲ, ಈ ಕಡೆಗೂ ಇಲ್ಲ. ಎರಡೂ ಕಡೆಯವರು ಆಕಾಶಕ್ಕೆ ಮುಖ ಮಾಡಿ ಒರಗಿದ್ದಾರೆ, ಒಬ್ಬರೂ ಅಲ್ಲಾಡುತ್ತಿಲ್ಲ. ನೋಡುವವನಿಗೆ ಅದು ವಿಶ್ರಾಂತಿಯ ಹಾಗಿದೆ. ಒಬ್ಬಳ ಕತ್ತಿನ ನರ ಮಾತ್ರ ಹುರಿಯ ಹಾಗೆ ಎದ್ದಿದೆ. ಒಬ್ಬನ ಹಿಮ್ಮಡಿ ಮಣ್ಣಿನೊಳಗೆ ಮೆಲ್ಲಗೆ ಹೂತುಹೋಗುತ್ತಿದೆ. ಇಷ್ಟೊಂದು ಬಲ, ಇಷ್ಟೊಂದು ಜೀವ, ಅದರ ಗುರುತಿಗೆ ಒಂದು ಕೂದಲೆಳೆಯ ಚಲನೆಯೂ ಇಲ್ಲ.

ಜನ ಮೊದಲು ಕೂಗಿದರು. ಆಮೇಲೆ ಕೂಗು ತಾನಾಗಿ ಸಣ್ಣಗಾಯಿತು. ಆಮೇಲೆ ಇಡೀ ಮೈದಾನ ಬಾಯಿ ಮುಚ್ಚಿತು. ಐಸ್‌ಕ್ಯಾಂಡಿ ಮಾರುವವನು ಗಂಟೆಯ ನಾಲಿಗೆಯನ್ನು ಬೆರಳಲ್ಲಿ ಹಿಡಿದು ನಿಂತ. ಹಗ್ಗ ಕಿರುಗುಟ್ಟುವ ಸದ್ದು ಮಾತ್ರ. ಮೈಕು ನನ್ನ ತುಟಿಯ ಹತ್ತಿರವೇ ಇತ್ತು. ಬಾಯಿ ತೆರೆದೇ ಇತ್ತು. ಒಂದಕ್ಷರ ಬರಲಿಲ್ಲ ಅಕ್ಕಾ. ಮಾತು ಮರೆತದ್ದಲ್ಲ, ಅಲ್ಲಿ ಮಾತಿಗೆ ಜಾಗವೇ ಇರಲಿಲ್ಲ.

ಎಷ್ಟು ಹೊತ್ತು ಅಂತ ಕೇಳಬೇಡ. ಮೇಷ್ಟ್ರು ಗಡಿಯಾರ ನೋಡುವುದನ್ನೇ ಬಿಟ್ಟಿದ್ದರು.

ಕೊನೆಗೆ ದೊಡ್ಡಕ್ಕನ ಮುಂದಿದ್ದವಳ ಕಾಲು ಒಂಚೂರು ಜಾರಿತು. ರಿಬ್ಬನ್ನು ಹೊರಟಿತು. ಗಂಡಸರು ಗೆದ್ದರು. ಯಾರೂ ಕುಣಿಯಲಿಲ್ಲ. ಎರಡೂ ತಂಡ ಹಗ್ಗ ಕೈಬಿಡದೆ ಹಾಗೇ ನೆಲಕ್ಕೆ ಕೂತವು. ಚಪ್ಪಾಳೆ ಬರುವುದಕ್ಕೂ ತಡವಾಯಿತು. ಮೊದಲು ತಟ್ಟುವವರು ಯಾರು ಅಂತ ಜನ ಒಬ್ಬರ ಮುಖ ಒಬ್ಬರು ನೋಡುತ್ತಿದ್ದರು.

ನಾನು ಓಡಿದೆ. "ಮಾಮ! ಅದನ್ನು ತೆಗೆದ್ಯಾ? ಜಗತ್ತಿನಲ್ಲಿ ನಿನಗೋಸ್ಕರವೇ ನಿಂತ ಆಟ ಅದು!"

ಅವನು ಬಾಯಿಂದ ಕರ್ಚೀಫು ತೆಗೆದ. ಕಣ್ಣು ಒದ್ದೆ. "ಇಲ್ಲ ಸಾರ್. ನೋಡ್ತಾ ಇದ್ದೆ."



ಪ್ರೆಸ್ಸಿಗೆ ಹೋದರೆ ಇರುವುದು ಒಂದೇ ಫೋಟೋ: ಹಗ್ಗ ಸಡಿಲ ಬಿಟ್ಟು ಕ್ಯಾಮೆರಾಗೆ ನಗುತ್ತಿರುವ ಅಗ್ನಿಶಾಮಕ ದಳ. ಕನ್ನಡಿಯಷ್ಟು ಸ್ಪಷ್ಟ. ಯಜಮಾನರು, "ಇದನ್ನೇ ಹಾಕಿ, ಸುಮ್ನೆ 'ಗೆದ್ದವರ ನಗು' ಅಂತ ಬರೀರಿ. ಮೊದಲ್ನೇ ಸಂಚಿಕೇಲೇ ನಮ್ಮ ತಪ್ಪು ನಾವೇ ಸಾರ್‍ಕೊಂಡ್ರೆ ಯಾರು ಮುಟ್ತಾರೆ?" ಅಂದರು. ಅವರು ಗೆದ್ದದ್ದೂ ನಿಜ, ನಕ್ಕದ್ದೂ ನಿಜ! ನಾಲಿಗೆಯ ತುದಿಗೆ 'ಆಗಲಿ' ಬಂದಿತ್ತು. ಹೆಂಡತಿಯ ಮುಖ ನೋಡಿದೆ. ಅವಳು ಪೆನ್ಸಿಲ್ ಚೂಪು ಮಾಡುತ್ತಿದ್ದಳು.

"ಗೆಲುವು ಬೇಡ ಅಂದವಳ ಊರಲ್ಲಿ ಸುಳ್ಳು ಮಾರೋಕೆ ಹೊರಟ್ರಾ?" ಅಂದಳು. ಅಷ್ಟೇ.

ಹಾಕಿದೆವು. ಅದೇ ಫೋಟೋ, ಅದರ ಕೆಳಗೆ: 'ಈ ನಗುವಿಗೆ ನಮ್ಮ ಛಾಯಾಗ್ರಾಹಕರ ಕೂಗು ಕಾರಣ. ಪಂದ್ಯ ಕೆಡಿಸಿದ್ದು ನಾವು. ಕ್ಷಮಿಸಿ. ಮುಂದೆ ನಡೆದದ್ದರ ಫೋಟೋ ಇಲ್ಲ, ಒಳಗೆ ಓದಿ.' ಒಳಗೆ ಬರೆಯಬೇಕಾದವನು ನಾನು. ಬರೆದೆ: 'ಭೂಮಿ ನಡುಗಿತು, ದಿಕ್ಕುಗಳು ಗದಗುಟ್ಟಿದವು.' ಹೆಂಡತಿ ಓದಿ, "ಭೂಮಿ ನಡುಗಿದ್ರೆ ರಿಬ್ಬನ್ ಅಲ್ಲಾಡ್ಬೇಕಿತ್ತಲ್ಲ?" ಅಂದಳು. ಹರಿದೆ. ಮತ್ತೆ ಬರೆದೆ, ಮತ್ತೆ ಹರಿದೆ. ಯಂತ್ರ ಕಾಯುತ್ತಿತ್ತು, ಯಜಮಾನರು ಕೆಮ್ಮುತ್ತಿದ್ದರು. ಕಡೆಗೆ ಕಂಡದ್ದನ್ನು ಕಂಡಷ್ಟೇ ಬರೆದೆ. ಕತ್ತಿನ ನರ, ಹಿಮ್ಮಡಿ, ಗಂಟೆಯ ನಾಲಿಗೆ. ನನ್ನ ಜೀವನದಲ್ಲಿ ನಾನು ಇಷ್ಟು ಮೆಲ್ಲಗೆ ಮಾತಾಡಿದ್ದಿಲ್ಲ.

ನಿನ್ನೆ ದೊಡ್ಡಕ್ಕ ಪತ್ರಿಕೆ ಹಿಡಿದು ಮನೆಗೇ ಬಂದಳು. ನಾನು ಬಾಗಿಲ ಹಿಂದೆ ನಿಂತೆ, ಹೆಂಡತಿಯನ್ನು ಮುಂದೆ ಬಿಟ್ಟೆ. ದೊಡ್ಡಕ್ಕ ಹೊಸ್ತಿಲಲ್ಲೇ ನಿಂತು ಆ ಪುಟವನ್ನು ಇನ್ನೊಮ್ಮೆ ಓದಿದಳು. "ಹಿಂಗೇ ಇತ್ತು" ಅಂದಳು. "ಒಳಗಿದ್ದೋರಿಗೆ ಹಿಂಗೇ ಇತ್ತು. ಲಾಂಡ್ರೀಲಿ ಎಲ್ರಿಗೂ ಒಂದೊಂದು ಬೇಕಂತೆ, ಕೊಡಿ." ಇವತ್ತು ಬೆಳಿಗ್ಗೆ ಯಜಮಾನರು ಬಂದು, ಎರಡನೇ ಸಂಚಿಕೆಗೆ ಕಾಗದ ಯಾವ ಅಳತೆಯದು ತರಿಸಲಿ ಅಂತ ಕೇಳಿದರು. ಮುಖ ಮಾತ್ರ ಬೈಯುವವರ ಹಾಗೇ ಇತ್ತು.

ಹೆಂಡತಿ ನಿನಗೆ ನಮಸ್ಕಾರ ಹೇಳಿದ್ದಾಳೆ. ಈ ಕಾಗದಕ್ಕೆ ಪೆನ್ಸಿಲ್ ಹಾಕಲು ಬಿಟ್ಟಿಲ್ಲ. ನಿನ್ನ ಮಂಡಿನೋವು ತಗ್ಗಲಿ, ಊಟ ರುಚಿಸಲಿ, ನಿದ್ದೆ ತಾನಾಗಿ ಬರಲಿ. ದೊಡ್ಡವಳು ನೀನು, ಹರಸಬೇಕಾದವಳು. ಆದರೂ ಇಷ್ಟು ದೂರದಿಂದ ನಾನೇ ಹರಸುತ್ತಿದ್ದೇನೆ, ಒಪ್ಪಿಸಿಕೋ.

ಇಂತಿ,
ನಿನ್ನ ಬೊಬ್ಬೆ ತಮ್ಮ,
ಸಂಪಾದಕ

ಮರೆತ ಮಾತು: ಅಕ್ಕಾ, ಮರೆತದ್ದಲ್ಲ. ಹೋದ ವರ್ಷ ನಿನ್ನ ಎರಡೂ ಕಿವಿ ಪೂರ್ತಿ ಹೋದವು ಅಂತ ಡಾಕ್ಟರು ಹೇಳಿದ ಮೇಲೆ ನಾನು ನಿನ್ನನ್ನು ನೋಡಲು ಬಂದಿಲ್ಲ. ಪರದೆಯ ಪಕ್ಕದಲ್ಲಿ ನಿಂತು ನನ್ನ ಮಾತು ತಪ್ಪಿದಾಗಲೆಲ್ಲ ಎತ್ತಿಕೊಟ್ಟವಳು ನೀನು. ರಂಗದ ಮೇಲೆ ನಾನು ಆರ್ಭಟಿಸಿದ್ದೆಲ್ಲ ನೀನು ಕೇಳುತ್ತಿದ್ದೀಯ ಅನ್ನುವ ಧೈರ್ಯದಿಂದ. ನಿನ್ನ ಎದುರು ಬಾಯಿ ತೆರೆದು, ಅದು ನಿನ್ನನ್ನು ಮುಟ್ಟದೆ ಬಿದ್ದುಹೋಗುವುದನ್ನು ನೋಡಲಾರೆ ಅಂತ ಹೆದರಿದ್ದೆ. ನಾಟಕ ಬಿಟ್ಟು ಪತ್ರಿಕೆ ಯಾಕೆ ಮಾಡಿದೆ ಅಂತ ಎಲ್ಲರೂ ಕೇಳುತ್ತಾರೆ. ಓದುವುದು ನಿನಗೆ ಇನ್ನೂ ಆಗುತ್ತದಲ್ಲ, ಅದಕ್ಕೆ. ಇದರ ಜೊತೆ ಒಂದು ಪ್ರತಿ ಇಟ್ಟಿದ್ದೇನೆ. ಎರಡನೇ ಸೀಟಿಯ ನಂತರದ ಭಾಗ ಓದು. ಮೈದಾನ ಸುಮ್ಮನಾದದ್ದು, ಹಗ್ಗ ಕಿರುಗುಟ್ಟಿದ್ದು ನಿನಗೆ ಕೇಳಿಸಿತೋ ಇಲ್ಲವೋ, ಒಂದು ಸಾಲು ಬರೆ. ಕೇಳಿಸದಿದ್ದರೆ ಮುಂದಿನ ವಾರ ಬಂದು ನಿನ್ನ ಪಕ್ಕ ಕೂತು ಮತ್ತೆ ಬರೆಯುತ್ತೇನೆ. ಕೇಳಿಸಿದ್ದರೂ ಬರುತ್ತೇನೆ.